ನಡುವಿಲ್ಲದ ತೋಟ

ಆಟೋದಲ್ಲಿ ಸಿಹಿಗುಂಬಳಕಾಯಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಾಂಧಿ ಬಜಾರಿನಿಂದ ಚಾಮರಾಜಪೇಟೆಗೆ ಹೊರಟಿದ್ದ ಕೃಪಾನಿಧಿಗೆ ನಗು ತಡೆಯಲಾಗುತ್ತಿರಲಿಲ್ಲ. ನಗುವ ಹೊತ್ತಲ್ಲ ಅದು, ನಗುವ ಕೆಲಸವೂ ಅಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಿಂದ ಮರ್ಯಾದೆಯಾಗಿ ರಿಟೈರಾದ ಮನುಷ್ಯ, ತಾತನ ಕಾಲದಿಂದ ಒಂದೇ ಚರ್ಚಿನ ಒಂದೇ ಬೆಂಚಿನಲ್ಲಿ ಕೂತು ಬಂದ ಮನೆತನದವನು, ನಾಳೆ ಭಾನುವಾರ ಸುಗ್ಗಿ ಹಬ್ಬದ ಆರಾಧನೆಯಲ್ಲಿ ಇಡೀ ಸಭೆಯ ಕಣ್ಣಿಗೆ ಮಣ್ಣೆರಚಲು ಹೊರಟಿದ್ದಾನೆ, ಅದೂ ಮೀಟರಿನ ಮೇಲೆ ಜಾಸ್ತಿ ಕೊಟ್ಟು! ಮನೆಗೆ ಹತ್ತಿರ ಸಿಟಿ ಮಾರ್ಕೆಟ್ಟೇ ಇತ್ತು. ಅಲ್ಲಿ ಸಭೆಯವರು ಯಾರಾದರೂ ಎದುರಾದರೆ ಏನು ಹೇಳುವುದು ಅಂತ ಬಸವನಗುಡಿಯ ಕಡೆ ಬಂದಿದ್ದ. ಅಂಗಡಿಯವನು ಚಾಕು ಎತ್ತಿ, "ಎಷ್ಟು ಕಟ್ ಮಾಡ್ಲಿ ಸಾರ್?" ಅಂದಾಗ, "ಅಯ್ಯಯ್ಯೋ, ಕಟ್ ಮಾಡ್ಬೇಡಪ್ಪ, ತೊಟ್ಟಿರ್ಬೇಕು, ತೊಟ್ಟು ಉದ್ದ ಇರೋದೇ ಕೊಡು" ಅಂತ ಕೂಗಿಬಿಟ್ಟಿದ್ದ. ಅಕ್ಕಪಕ್ಕದ ಹೆಂಗಸರು ತಿರುಗಿ ನೋಡಿದ್ದರು. ಈಗ ಆಟೋದವನು ಕನ್ನಡಿಯಲ್ಲಿ ಕುಂಬಳಕಾಯಿಯನ್ನೂ ಅವನನ್ನೂ ಒಂದೊಂದು ಸಲ ನೋಡಿ, "ಏನ್ ಸಾರ್, ಗೃಹಪ್ರವೇಶನಾ?" ಅಂದ. "ಹೂಂ, ಹಾಗೇ ಅಂದ್ಕೊಳ್ಳಿ" ಎಂದ ಕೃಪಾನಿಧಿಯ ಕೈ ತಾನಾಗಿ ಹೆಗಲಿಗೆ ಹೋಗಿ ಅಲ್ಲಿ ಇಲ್ಲದ ಧೂಳನ್ನು ಒರೆಸಿತು. ಒರೆಸಿದ ಮೇಲೆ ತಾನೇನು ಮಾಡಿದೆ ಅಂತ ಹೊಳೆದು ಮತ್ತೆ ನಗು ಉಕ್ಕಿ ಬಂದು, ಮುಖವನ್ನು ಹೊರಗೆ ಹಾಕಿ ಕೆಮ್ಮಿದ.

ಇಷ್ಟಕ್ಕೂ ತಪ್ಪೇನು? ಸುಗ್ಗಿ ಹಬ್ಬಕ್ಕೆ ಎಲ್ಲರೂ ಬೆಳೆದ ಮೊದಲ ಫಲ ತಂದು ದೇವರ ಮುಂದೆ ಇಡಬೇಕು, ಆಮೇಲೆ ಅದನ್ನು ಅಂಗಳದಲ್ಲಿ ಹರಾಜು ಹಾಕಬೇಕು, ಬಂದ ಹಣ ಸಭೆಗೆ. ಈ ಪೇಟೆಯಲ್ಲಿ ಯಾರಿಗೆ ಹೊಲವಿದೆ, ಯಾರಿಗೆ ಗದ್ದೆಯಿದೆ? ಎಲ್ಲರೂ ಶನಿವಾರ ಮಾರ್ಕೆಟ್ಟಿನಿಂದ ತಂದ ಅನಾನಸು, ಬಾಳೆಗೊನೆ, ಕೋಸುಗಡ್ಡೆಗಳನ್ನೇ ತೊಳೆದು ಒರೆಸಿ ಇಡುತ್ತಾರೆ. ದೇವರೂ ಒಂದು ದಿನ ಬಿಲ್ ಕೇಳಿದವನಲ್ಲ. ಹಾಗಾದರೆ ನನ್ನ ಕುಂಬಳಕಾಯಿ ಯಾವ ಪಾಪ ಮಾಡಿತು ಅಂತ ಕೃಪಾನಿಧಿ ವಾದ ಹೂಡಿದ. ವಾದಕ್ಕೆ ಉತ್ತರವೂ ಅವನಲ್ಲೇ ಇತ್ತು: ಅವರು ಮಾರ್ಕೆಟ್ಟಿನದನ್ನು ತಂದು ಮೇಜಿನ ಮೇಲೆ ಇಡುತ್ತಾರೆ, ನೀನು ಮಾರ್ಕೆಟ್ಟಿನದನ್ನು ತಂದು ಬಳ್ಳಿಯ ಕೆಳಗೆ ಇಡುತ್ತೀಯ. ಛೆ, ಈ ಹಾಳು ಮನಸ್ಸಾಕ್ಷಿ ಸಿಗ್ನಲ್ಲಿನಲ್ಲೂ ಸುಮ್ಮನಿರುವುದಿಲ್ಲ.

ಬಳ್ಳಿ ಇದ್ದದ್ದು ಚರ್ಚಿನ ಪಕ್ಕದ ಜಾಗದಲ್ಲಿ. ಕಾಂಪೌಂಡಿನೊಳಗೆ, ಬೀದಿಯ ಕಡೆ ಬರೀ ಕಬ್ಬಿಣದ ಕಂಬಿ ಇರುವ ಆ ತುಂಡು ನೆಲದಲ್ಲಿ ಮೊದಲು ಮುರಿದ ಬೆಂಚು, ಹಳೇ ಬ್ಯಾನರು, ಪಾರ್ಥೇನಿಯಂ ಇದ್ದವು. ಅದನ್ನು ಕೃಪಾನಿಧಿ ಕೇಳಿ ಪಡೆದಿದ್ದ. ಕನಕಪುರ ರಸ್ತೆಯ ಕಡೆ ಎಲ್ಲೋ ಹೋಗಿ, ಗಡ್ಡ ಬಿಟ್ಟ ಕೇದಾರ್ ಎಂಬ ಮೇಷ್ಟರ ಹತ್ತಿರ ಪರ್ಮಾಕಲ್ಚರ್ ಕಲಿತು ಬಂದವನು, ಅಗೆಯದೆ, ಕಳೆ ಕೀಳದೆ, ಉದುರಿದ ಎಲೆಯನ್ನೆಲ್ಲ ನೆಲಕ್ಕೇ ಹೊದಿಸಿ ತೋಟ ಮಾಡುತ್ತೇನೆ ಅಂದಿದ್ದ. ಮಾಡಿಯೂ ಇದ್ದ. ಆದರೆ ಸಭೆಯಲ್ಲಿ ಕಾರುಗಳು ಹೆಚ್ಚಾಗಿದ್ದವು. ಸೆಕ್ರೆಟರಿ ವಸಂತ್ ಕಮಿಟಿಯಲ್ಲಿ ಎದ್ದು ನಿಂತು, "ಅಂಕಲ್, ಬೇಜಾರ್ ಮಾಡ್ಕೋಬೇಡಿ, ಹೊರಗಿಂದ ನೋಡಿದ್ರೆ ತೋಟನೋ ತಿಪ್ಪೆನೋ ಗೊತ್ತಾಗಲ್ಲ, ಟೈಲ್ಸ್ ಹಾಕ್ಸಿ ಪಾರ್ಕಿಂಗ್ ಮಾಡೋಣ" ಅಂದ. ಎಲ್ಲರೂ ನಕ್ಕರು. ನಗು ನಿಂತ ಮೇಲೆ ಅಯ್ಯನವರು, ಒಳ್ಳೆಯ ಮನುಷ್ಯರು, ಯಾರ ಮನಸ್ಸೂ ನೋಯಿಸದೆ ಬೇಗ ಮನೆಗೆ ಹೋಗಬೇಕೆನ್ನುವ ಸಭಾಪಾಲಕರು, ಒಂದು ದಾರಿ ಹುಡುಕಿದರು: ಸುಗ್ಗಿ ಹಬ್ಬದಲ್ಲಿ ತೋಟದ ಒಂದಾದರೂ ಫಲ ದೇವರ ಮುಂದೆ ಬರಲಿ. ಬಂದರೆ ತೋಟ ಉಳಿಯಲಿ, ಬರದಿದ್ದರೆ ಸೋಮವಾರದಿಂದ ಟೈಲ್ಸ್. ಆಮೇಲೆ ಒಂದೇ ವಾರದಲ್ಲಿ ಲಾರಿ ಬಂದು ಗೇಟಿನ ಪಕ್ಕ ಕೆಂಪು ಬೂದು ಟೈಲ್ಸ್ ಪೇರಿಸಿ ಹೋಯಿತು. ದಿನಾ ಅದರ ಪಕ್ಕದಲ್ಲೇ ಹಾದು ಒಳಗೆ ಹೋಗಬೇಕಿತ್ತು.

ಆ ತುಂಡು ನೆಲ ಹೋದರೆ ತನ್ನ ದೇವರು ಹೋಗುತ್ತಾನೆ ಎಂಬುದನ್ನು ಅವನು ಕಮಿಟಿಗೆ ಹೇಗೆ ಹೇಳಿಯಾನು? ನಲವತ್ತು ವರ್ಷ ಆ ಬೆಂಚಿನಲ್ಲಿ ಕೂತು ಕೀರ್ತನೆ ಹಾಡಿ, ಪ್ರಸಂಗ ಕೇಳಿ, ಕಣ್ಣು ಮುಚ್ಚಿ, ಕಣ್ಣು ಮುಚ್ಚಿದಾಗೆಲ್ಲ ಎಕ್ಸ್‌ಚೇಂಜಿನ ಕೇಬಲ್ ಫಾಲ್ಟುಗಳನ್ನೇ ಕಂಡವನು ಅವನು. ಹೆಂಡತಿ ದಯಾಮಣಿ ಪ್ರಾರ್ಥನೆಯಲ್ಲಿ ಅಳುವಾಗ ಪಕ್ಕದಲ್ಲಿ ಕೂತು, ನನಗೇಕೆ ಏನೂ ಆಗುವುದಿಲ್ಲ ಅಂತ ನಾಚಿಕೆಪಟ್ಟವನು. ಅಂಥವನು ಒಂದು ಬೆಳಗ್ಗೆ ಕಾಂಪೋಸ್ಟ್ ಗುಡ್ಡೆಯೊಳಗೆ ಮೊಣಕೈವರೆಗೆ ಕೈ ತೂರಿಸಿದ. ಒಳಗೆ ಬಿಸಿ! ಬೆಂಕಿಯಿಲ್ಲ, ಬಿಸಿಲಿಲ್ಲ, ಬಾಳೆಸಿಪ್ಪೆ, ಹಬ್ಬದ ಹೂವಿನ ಹಾರ, ಕಾಫಿ ಚರಟ ಎಲ್ಲ ಸೇರಿ ಜ್ವರ ಬಂದ ಮಗುವಿನ ಹೊಟ್ಟೆಯ ಹಾಗೆ ಸುಡುತ್ತಿತ್ತು, ಕೈ ಎಳೆದರೆ ಹಬೆ. ಸತ್ತದ್ದು ಸುಮ್ಮನೆ ಸತ್ತು ಬಿದ್ದಿಲ್ಲವಲ್ಲ ಅನ್ನಿಸಿ ಅವನಿಗೆ ಅಲ್ಲೇ ನಗು ಬಂತು, ಪುನರುತ್ಥಾನದ ಬಗ್ಗೆ ಕೇಳಿದ ಅಷ್ಟೂ ಈಸ್ಟರ್ ಪ್ರಸಂಗಗಳು ಒಟ್ಟಿಗೆ ಅರ್ಥವಾದ ಹಾಗಾಗಿ, ಗುಡ್ಡೆಯ ಮುಂದೆ ಮಂಡಿಯೂರಿ ನಕ್ಕಿದ್ದೇ ನಕ್ಕಿದ್ದು. ಓಡಿ ಹೋಗಿ ಅಯ್ಯನವರಿಗೆ ಹೇಳಿದ್ದ. ಅವರು "ತುಂಬಾ ಸಂತೋಷ" ಅಂದು ಗಡಿಯಾರ ನೋಡಿಕೊಂಡಿದ್ದರು. ಅವನ ಕೈ ಗೊಬ್ಬರದ ಕೈ, ಪಾಪ, ಅವರೂ ಎಲ್ಲಿ ಕುಲುಕಿಯಾರು.

ಅವತ್ತಿನಿಂದ ಕೇದಾರ್ ಹೇಳಿಕೊಟ್ಟ ಒಂದೊಂದು ಪಾಠಕ್ಕೂ ಸತ್ಯವೇದದಲ್ಲಿ ಒಂದು ಜೋಡಿ ಹುಡುಕುವ ಹುಚ್ಚು ಹಿಡಿಯಿತು. ಏನನ್ನೂ ಬಿಸಾಡಬೇಡಿ ಅಂದರೆ, ಐದು ಸಾವಿರ ಜನ ಉಂಡ ಮೇಲೆ ಸ್ವಾಮಿ ಚೂರುಗಳನ್ನೆಲ್ಲ ಬುಟ್ಟಿಗೆ ತುಂಬಿಸಲಿಲ್ಲವೇ? ಅವಸರಪಟ್ಟು ಕಳೆ ಕೀಳಬೇಡಿ ಅಂದರೆ, ಗೋದಿಯ ಜೊತೆ ಹಣಜಿ ಎಂಬ ಕಳೆಯೂ ಸುಗ್ಗಿಯವರೆಗೆ ಬೆಳೆಯಲಿ ಅಂದ ಯಜಮಾನನ ಸಾಮ್ಯದ ಕಥೆ ಇರಲಿಲ್ಲವೇ? ಆಮೇಲೆ ಬಂತು ಅಂಚಿನ ಪಾಠ. ಕೆರೆಯ ನಡುವಿಗಿಂತ ಕೆರೆಯ ಅಂಚಿನಲ್ಲಿ ಜೀವ ಹೆಚ್ಚು, ಕಾಡಿನ ನಡುವಿಗಿಂತ ಕಾಡಿನ ಅಂಚಿನಲ್ಲಿ, ಆದ್ದರಿಂದ ತೋಟದಲ್ಲಿ ಅಂಚನ್ನು ಹೆಚ್ಚಿಸಿ ಅಂದಿದ್ದ ಕೇದಾರ್. ಮಡಿಗಳನ್ನು ನೆಟ್ಟಗೆ ಮಾಡದೆ ಜಿಲೇಬಿಯ ಹಾಗೆ ಸುತ್ತಿಸಿ ಸುತ್ತಿಸಿ ಮಾಡಿದ ಕೃಪಾನಿಧಿ. ಅದರ ಜೋಡಿಯೂ ಸಿಕ್ಕಿತು. ಹೊಲದ ಅಂಚಿನಲ್ಲಿ ಬೆಳೆದದ್ದನ್ನು ನೀನು ಕೊಯ್ಯಬೇಡ, ಬಡವನೂ ಪರದೇಶಿಯೂ ಉಳಿದದ್ದನ್ನು ಹೆಕ್ಕಿಕೊಳ್ಳಲಿ, ಹಕ್ಕಲಾಯಲು ಬಿಡು ಅಂತ ಧರ್ಮಶಾಸ್ತ್ರ. ಆಹಾ, ಎಂಥ ಕೂಡಿಕೆ! ಅವತ್ತೇ ಕಂಬಿಯ ಬಳಿ ನಿಂತು, ಬೀದಿಯವರಿಗೆಲ್ಲ ಕೇಳಿಸುವ ಹಾಗೆ, "ಅಂಚಲ್ಲಿ ಏನ್ ಕೈಗೆ ಸಿಗತ್ತೋ ಅದೆಲ್ಲ ನಿಮ್ದೇ, ಯಾರನ್ನೂ ಕೇಳ್ಬೇಡಿ, ಕಿತ್ಕೊಳ್ಳಿ" ಅಂದುಬಿಟ್ಟ. ಕಮಿಟಿಯ ತೀರ್ಪು ಬಂದ ಮಾರನೆಯ ದಿನ, ದೇವರ ಮೇಜಿಗೆ ಕೊಡಲು ತೋಟದ ನಡುವಿನಲ್ಲಿ ಏನಿದೆ ಅಂತ ಹುಡುಕಲು ಹೋದವನಿಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ಹುಡುಕಿದರೂ ನಡುವೇ ಸಿಗಲಿಲ್ಲ. ಸುತ್ತಿದ ಮಡಿಗಳಲ್ಲಿ ಎಲ್ಲಿ ನಿಂತರೂ ಅಂಚೇ. ನುಗ್ಗೆ ಅಂಚು, ಹರಿವೆ ಅಂಚು, ಬಸಳೆ ಅಂಚು. ಪಾಠವನ್ನೂ ಶಾಸ್ತ್ರವನ್ನೂ ಅಕ್ಷರಕ್ಕೆ ಅಕ್ಷರ ಪಾಲಿಸಿ, ಇಡೀ ತೋಟವನ್ನು ಬೀದಿಗೆ ಬರೆದುಕೊಟ್ಟಿದ್ದ ಪುಣ್ಯಾತ್ಮ. ದಯಾಮಣಿಗೂ ಅದನ್ನು ಹೇಳಲಿಲ್ಲ, ಹೇಳಿದರೆ ಅವಳು ಅಕ್ಕನಿಗೆ ಫೋನ್ ಮಾಡಿ ನಗುತ್ತಾಳೆ.

ಬಡವರು, ಪರದೇಶಿಗಳು ಬರುತ್ತಾರೆ ಅಂದುಕೊಂಡರೆ ಮೊದಲು ಬಂದವರು ಚರ್ಚಿನ ಎದುರು ಮನೆಯ ಗಂಗರತ್ನಮ್ಮ. ಹಣೆಯ ತುಂಬ ವಿಭೂತಿ ಇಟ್ಟ, ಹೈಸ್ಕೂಲಿನ ಹೆಡ್‌ಮೇಡಂ ಆಗಿ ರಿಟೈರಾದ ಅವರಿಗೆ ಕೃಪಾನಿಧಿಗಿಂತ ಪೆನ್ಷನ್ನು ಜಾಸ್ತಿ. ಪೆನ್ಷನ್ ಬರುವವರು ಹಕ್ಕಲಾಯಬಹುದೋ ಇಲ್ಲವೋ ಶಾಸ್ತ್ರದಲ್ಲಿ ಎಲ್ಲೂ ಸ್ಪಷ್ಟವಿಲ್ಲ. ಆಮೇಲೆ ಆಟೋದವರು ಬಂದರು, ಹೂ ಕಟ್ಟುವವರು ಬಂದರು, ಯಾರ್ಯಾರೋ ಬಂದರು, ಆದರೆ ಗಂಗರತ್ನಮ್ಮನವರು ದಿನಾ ಬೆಳಗ್ಗೆ ಸ್ಟೀಲ್ ಬೇಸಿನ್ ಹಿಡಿದು ಬಂದು, ಕಂಬಿಯೊಳಗೆ ಕೈ ಹಾಕಿ, ಹರಿವೆಯನ್ನೂ ಕುಂಬಳದ ಕುಡಿಯನ್ನೂ ಕುಂಬಳದ ಅಷ್ಟೂ ಹೂವನ್ನೂ ಕಿತ್ತುಕೊಂಡು ಹೋಗುತ್ತಿದ್ದರು. ಹೂವಿನ ಪಲ್ಯ ಅವರ ಮನೆಯಲ್ಲಿ ಎಲ್ಲರಿಗೂ ಪ್ರಾಣವಂತೆ. ಹೂವೇ ಉಳಿಯದ ಮೇಲೆ ಕಾಯಿ ಎಲ್ಲಿಂದ ಬರಬೇಕು? ಹಬ್ಬದವರೆಗೆ ಮಾತ್ರ ಹೂ ಕೀಳಬೇಡಿ ಮೇಡಂ ಅಂತ ಹೇಳಿ ಬರಲು ಒಂದು ಸಂಜೆ ಧೈರ್ಯ ಮಾಡಿ ಅವರ ಮನೆಗೆ ಹೋದ. "ಬನ್ನಿ ಬನ್ನಿ ಕೃಪಾನಿಧಿಯವ್ರೇ, ನಿಮ್ ತೋಟದಿಂದ ನಮ್ ಮನೇಲಿ ಸೊಪ್ಪಿಗೆ ಬರಾನೇ ಇಲ್ಲ ನೋಡಿ" ಅಂತ ಅವರು ಕೂರಿಸಿ ಕಾಫಿ ಕೊಟ್ಟರು. ಕೊಟ್ಟ ಮಾತನ್ನು ಹಬ್ಬ ಬಂತು ಅಂತ ವಾಪಸ್ ತಗೊಳ್ಳುವುದೇ? ಹೋದ ಕೆಲಸ ಬಿಟ್ಟು, ಒಂದು ಸೀಸೆ ನಿಂಬೆಕಾಯಿ ಉಪ್ಪಿನಕಾಯಿ ಇಸಿದುಕೊಂಡು ಮನೆಗೆ ಬಂದಿದ್ದ.

ಆಟೋ ಚರ್ಚಿನ ಹಿಂದಿನ ಗೇಟಿನಲ್ಲಿ ನಿಂತಿತು. ಶನಿವಾರ ಮಧ್ಯಾಹ್ನ, ಯಾರೂ ಇಲ್ಲ. ಕುಂಬಳದ ಬಳ್ಳಿಯ ದಟ್ಟ ಎಲೆಗಳನ್ನು ಸರಿಸಿ, ಕಾಯನ್ನು ಒಣಗಿದೆಲೆಯ ಮೇಲೆ ಕೂರಿಸಿ, ತೊಟ್ಟನ್ನು ಬಳ್ಳಿಗೆ ಮುಟ್ಟಿಸಿ, ಎದ್ದು ದೂರ ನಿಂತು ನೋಡಿದ. ಅಬ್ಬಾ, ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ ಕೂತಿತ್ತು ಕಳ್ಳ! ತೊಡೆ ತಟ್ಟಿಕೊಂಡು ನಗಬೇಕೆನ್ನುವಷ್ಟರಲ್ಲಿ ಪಪ್ಪಾಯಿ ಗಿಡದ ಬುಡದಲ್ಲಿ ಎಣ್ಣೆ ಮೆತ್ತಿದ ನ್ಯೂಸ್‌ಪೇಪರಿನ ತುಂಡು ಕಾಣಿಸಿತು. ತಿಂಗಳುಗಳಿಂದ ಇದೇ ಕಥೆ. ಬೀದಿಯವರು ಯಾರೋ ಬೋಂಡಾ ತಿಂದು ಕಾಗದ ಇಲ್ಲೇ ಎಸೆದು ಹೋಗುತ್ತಾರೆ. ಬಿಸಾಡಬಾರದಲ್ಲ, ಅದನ್ನೂ ಹೆಕ್ಕಿ ಕಾಂಪೋಸ್ಟಿಗೆ ಹಾಕಿದ. "ಏನ್ ಅಂಕಲ್ ಇಷ್ಟೊತ್ತಲ್ಲಿ?" ಅಂತ ಹಿಂದಿನಿಂದ ದನಿ ಬಂತು. ಸೆಕ್ರೆಟರಿ ವಸಂತ್. ಸಕ್ಕರೆ ಕಾಯಿಲೆಯ ದಪ್ಪ ಮನುಷ್ಯ, ಕೈಯಲ್ಲಿ ದೊಡ್ಡದೊಂದು ಬಟ್ಟೆಯ ಚೀಲ, ಮುಖದಲ್ಲಿ ಬೆವರು.

"ಸುಮ್ನೆ, ನೀರು ಹಾಕೋಣ ಅಂತ. ನೀನು?"

"ಶಾಮಿಯಾನದವ್ರು ಬರ್ತಾರೆ ಅಂತ ಬಂದೆ. ನಾಳೆಗೆ ಏನಾದ್ರೂ ಇದ್ಯಾ ಅಂಕಲ್, ತೋಟದಲ್ಲಿ?"

"ದೇವರು ಕೊಟ್ರೆ ಇರತ್ತಪ್ಪ" ಅಂದ ಕೃಪಾನಿಧಿ. ಅಂದ ಕೂಡಲೆ ನಾಲಗೆ ಕಚ್ಚಿಕೊಂಡ. ಸುಳ್ಳಿಗೆ ದೇವರನ್ನು ಬೇರೆ ಎಳೆದು ತಂದೆನಲ್ಲ ಅಂತ ಸಂಕಟವಾಗಿ, ವಸಂತನ ಚೀಲದ ಕಡೆ ನೋಡುವುದನ್ನೂ ಮರೆತು ಗೇಟು ದಾಟಿದ. ಮನೆಗೆ ಬಂದರೆ ದಯಾಮಣಿ ಇರಲಿಲ್ಲ, ಎನ್.ಆರ್. ಕಾಲೋನಿಯ ಅಕ್ಕನ ಮನೆಗೆ ಹೋಗಿದ್ದಾಳೆಂದು ಪಕ್ಕದ ಮನೆಯವರು ಬೀಗದ ಕೈ ಕೊಟ್ಟರು. ಸಂಜೆ ಬಂದವಳು ಸೊಂಟ ಹಿಡಿದುಕೊಂಡು, "ಅಯ್ಯಪ್ಪಾ, ಭಾರ" ಅಂದಳು. ಏನು ಭಾರ ಅಂದರೆ, "ಜೀವನ ಕಣ್ರೀ" ಅಂದು ಒಳಗೆ ಹೋದಳು.

ಭಾನುವಾರ ಬೆಳಕು ಹರಿಯುತ್ತಿದ್ದ ಹಾಗೆ, ಅದು ಇದೆಯೋ ಇಲ್ಲವೋ, ಬೀದಿಯವರು ಯಾರಾದರೂ ಅದನ್ನೂ ಹಕ್ಕಲಾಯ್ದುಬಿಟ್ಟರೋ ಅಂತ ಗಾಬರಿಯಲ್ಲಿ ತೋಟಕ್ಕೆ ಬಂದ. ಇತ್ತು. ಉಸಿರು ಬಿಟ್ಟು ತಿರುಗಿದವನಿಗೆ ಗೆಣಸಿನ ಬಳ್ಳಿಯ ನಡುವೆ ಏನೋ ಕಿತ್ತಳೆ ಬಣ್ಣ ಕಂಡಿತು. ಎಲೆ ಸರಿಸಿದ. ಕುಂಬಳಕಾಯಿ! ತಾನು ಇಟ್ಟದ್ದಲ್ಲ. ತನ್ನದು ಅಲ್ಲೇ ಇದೆ. ಇದು ಎರಡನೆಯದು. ಅತ್ತ ಪಪ್ಪಾಯಿ ಗಿಡದ ಬುಡದಲ್ಲಿ, ಎಲೆಯ ಹೊದಿಕೆಯಲ್ಲಿ ಅರ್ಧ ಹೂತು, ಮೂರನೆಯದು, ಎಲ್ಲಕ್ಕಿಂತ ದೊಡ್ಡದು! ಗೆಣಸಿನ ಬಳ್ಳಿಯಲ್ಲಿ ಕುಂಬಳಕಾಯಿ ಬಿಡುವುದಿಲ್ಲ ಎಂಬುದು ತೋಟಗಾರ ಕೃಪಾನಿಧಿಗೆ ಗೊತ್ತಿತ್ತು. ಆದರೆ ಆ ಬೆಳಗ್ಗೆ ಅಲ್ಲಿ ನಿಂತಿದ್ದವನು ತೋಟಗಾರನಲ್ಲ. ಕಾನಾ ಊರಿನ ಮದುವೆಮನೆಯಲ್ಲಿ ನೀರು ದ್ರಾಕ್ಷಿಯನ್ನು ಕೇಳಿ ದ್ರಾಕ್ಷಾರಸವಾಯಿತೇ? ಹಾಗಿದ್ದ ಮೇಲೆ ಗೆಣಸೊಂದು ಯಾಕೆ ಹಿಂದೆ ಮುಂದೆ ನೋಡಬೇಕು? ಪಪ್ಪಾಯಿಗೇನು ಅಡ್ಡಿ? ಬಂದ, ಬಂದೇಬಿಟ್ಟ ಸ್ವಾಮಿ, ಈ ಚಾಮರಾಜಪೇಟೆಯ ಗಲ್ಲಿಗೆ, ಈ ಮುದುಕನ ತಿಪ್ಪೆಗೆ! ಎರಡೂ ಕೈ ಮೇಲೆತ್ತಿ ಎಲೆಗಳ ಮೇಲೆ ಸುಮ್ಮನೆ ಕುಣಿದ. ಚಪ್ಪಲಿ ಒಂದು ಬಸಳೆಯಲ್ಲಿ ಕಳೆದುಹೋಯಿತು. ದೊಡ್ಡ ಕಾಯಿಯ ಒಂದು ಮಗ್ಗುಲಲ್ಲಿ ಸೀಮೆಸುಣ್ಣದ ಗೀಟಿನ ಹಾಗೆ ಏನೋ ಇತ್ತು, ಅದನ್ನು ನೋಡಿದ, ನೋಡಲಿಲ್ಲ ಅಂದುಕೊಂಡ, ಆ ಮಗ್ಗುಲನ್ನು ನೆಲದ ಕಡೆ ತಿರುಗಿಸಿದ. ಆಮೇಲೆ ಕುಣಿತ ನಿಂತಿತು. ದೇವರು ಎರಡು ಕೊಟ್ಟಿದ್ದಾನೆ. ಅವನು ಕೊಡುವ ಮುಂಚೆಯೇ ಅವಸರಪಟ್ಟು, ನಂಬಿಕೆಯಿಲ್ಲದ ಗೂಬೆ, ನಾನೊಂದು ಖೋಟಾ ತಂದು ಅದರ ಪಕ್ಕ ಇಟ್ಟಿದ್ದೇನೆ. ಅದನ್ನು ಎತ್ತಿ ಬೀದಿಗೆ ಎಸೆಯೋಣವೆಂದು ಬಗ್ಗಿದವನ ಹಿಂದೆ, "ದೇವರಿಗೆ ಸ್ತೋತ್ರ! ಮೂರಾ?" ಅಂತ ಅಯ್ಯನವರ ದನಿ ಕೇಳಿಸಿತು. ಅವರ ಜೊತೆ ಕಮಿಟಿಯವರೂ ಇದ್ದರು. ಕಾಯಿಗಳನ್ನು ಹೊತ್ತುಕೊಂಡು ಹೋದರು.

ಆರಾಧನೆಯ ಉದ್ದಕ್ಕೂ ಮೂರು ಕುಂಬಳಕಾಯಿಗಳು ಕಬ್ಬಿನ ಜಲ್ಲೆ, ಬಾಳೆಗೊನೆಗಳ ನಡುವೆ ಕೂತು ಅವನನ್ನೇ ನೋಡಿದವು. ಅಯ್ಯನವರು ಪ್ರಸಂಗದಲ್ಲಿ ತೋಟದ ಹೆಸರೆತ್ತಿದರು, ಕೃಪಾನಿಧಿಯ ಹೆಸರೆತ್ತಿದರು. ಜನ ಹಿಂದೆ ತಿರುಗಿ ಅವನಿಗೆ ತಲೆಯಾಡಿಸಿದರು. ಯಾವುದು ತನ್ನದು, ಯಾವುದು ದೇವರದು ಅಂತ ಅಷ್ಟು ದೂರದಿಂದ ಗೊತ್ತಾಗುತ್ತಿರಲಿಲ್ಲ, ಅದೇ ಅವನಿಗೆ ತಡೆಯಲಾಗದ ಹಿಂಸೆಯಾಗಿತ್ತು. ಹೆಂಗಸರ ಸಾಲಿನಲ್ಲಿ ದಯಾಮಣಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೆ ಅಂದುಕೊಂಡ.

ಹರಾಜು ಅಂಗಳದ ಶಾಮಿಯಾನದಲ್ಲಿ. ಹಬ್ಬಕ್ಕೆಂದು ಬಾಡಿಗೆಗೆ ತಂದ ಲೌಡ್‌ಸ್ಪೀಕರಿನ ಬಾಯಿ ಬೀದಿಯ ಕಡೆಗಿತ್ತು. ಪ್ರತಿ ವರ್ಷದ ಹಾಗೆ ಹರಾಜು ಕೂಗುವವನು ವಸಂತನೇ. ತಮಾಷೆ ಮಾಡುತ್ತ, ಒಂದೊಂದು ನಿಂಬೆಹಣ್ಣಿಗೂ ಜನರನ್ನು ಜಗಳಕ್ಕೆ ಹಚ್ಚುತ್ತ, ಕೊನೆಗೆ ಉದ್ದ ತೊಟ್ಟಿನ ಆ ಕಾಯಿಯನ್ನು, ಕೃಪಾನಿಧಿಯ ಕುಂಬಳಕಾಯಿಯನ್ನೇ ಎತ್ತಿ ಹಿಡಿದ. "ನಮ್ಮ ತೋಟದ್ದು! ಮಾರ್ಕೆಟ್ಟಿಂದಲ್ಲ, ದೇವರ ಅಂಗಳದ್ದು! ಕೇಳಿ!" ಜನ ಕೇಳಿಯೇ ಕೇಳಿದರು. ಈ ಕಡೆಯಿಂದ ಒಬ್ಬರು, ಆ ಕಡೆಯಿಂದ ಒಬ್ಬರು, ಏರಿಸಿ ಏರಿಸಿ ಬಂಗಾರದ ಗುಂಡಿಗೂ ಇಲ್ಲದ ಬೆಲೆ ಕಟ್ಟಿದರು. ಹಲ್ಲಿಲ್ಲದ ಒಬ್ಬ ಅಜ್ಜಿ ತನ್ನ ಮೊಮ್ಮಗಳ ಹೆಸರಿನಲ್ಲಿ ಇನ್ನೂ ಸ್ವಲ್ಪ ಏರಿಸಿ ಕಣ್ಣೊರೆಸಿಕೊಂಡಾಗ ಕೃಪಾನಿಧಿಗೆ ಕೂರಲಾಗಲಿಲ್ಲ. ಎದ್ದು ಹೋಗಿ ವಸಂತನ ಕೈಯಿಂದ ಮೈಕ್ ತಗೊಂಡ.

"ಇದು ತೋಟದ್ದಲ್ಲ" ಅಂದ. ಅವನ ದನಿ ಬೀದಿಯ ಕೊನೆಯವರೆಗೆ ಹೋಗಿ ಯಾವುದೋ ಗೋಡೆಗೆ ಬಡಿದು ವಾಪಸ್ ಬಂತು. "ನಿನ್ನೆ ಗಾಂಧಿ ಬಜಾರಲ್ಲಿ ನಾನೇ ತಗೊಂಡಿದ್ದು. ಬಳ್ಳಿ ಕೆಳಗೆ ನಾನೇ ಇಟ್ಟಿದ್ದು. ನನ್ನನ್ನ ಏನ್ ಬೇಕಾದ್ರೂ ಅನ್ನಿ. ಆದ್ರೆ ಉಳಿದೆರಡು ಮಾತ್ರ ದೇವರೇ ಕೊಟ್ಟಿದ್ದು, ಅದರ ಮೇಲೆ ಯಾರೂ ಅನುಮಾನ ಪಡ್ಬೇಡಿ."

ಹೆಂಗಸರ ಕಡೆಯಿಂದ, "ಅಯ್ಯೋ ರೀ, ಸಾಕು ಬನ್ನಿ" ಅಂತ ದಯಾಮಣಿ ಎದ್ದಳು. ಮುಖ ಕೆಂಪಗಾಗಿತ್ತು, ಸೆರಗಿನ ಹಿಂದೆ ಇದ್ದದ್ದು ಅಳುವಲ್ಲ. "ಗೆಣಸಿನ ಹತ್ರ ಇದ್ದಿದ್ದು ದೇವರು ಕೊಟ್ಟಿದ್ದಲ್ಲ. ಎನ್.ಆರ್. ಕಾಲೋನಿಯಿಂದ ನಾನು ಹೊತ್ಕೊಂಡ್ ಬಂದಿದ್ದು. ಇವ್ರು ಊಟ ಬಿಟ್ಟು ಕೂತಿದ್ರು, ನೋಡೋಕಾಗ್ಲಿಲ್ಲ. ಅದು ಗೆಣಸಿನ ಬಳ್ಳಿ ಅಂತ ನಂಗೇನ್ ಗೊತ್ತು, ಎಲ್ಲಾ ಎಲೆನೂ ಹಸಿರಾಗೇ ಇತ್ತು!"

ನಗು ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ, ಶಾಮಿಯಾನದ ತುಂಬ ಹರಡಿತು. ಕೃಪಾನಿಧಿ ಮಾತ್ರ ನಗಲಿಲ್ಲ. ಮೂರನೆಯದನ್ನು, ದೊಡ್ಡದನ್ನು, ಮುಳುಗುವವನು ಹಗ್ಗವನ್ನು ನೋಡುವ ಹಾಗೆ ನೋಡಿದ. ಅದು ವಸಂತನ ಪಕ್ಕದಲ್ಲಿತ್ತು. ವಸಂತ್ ಅದರ ಮೇಲೆ ಕೈಯಿಟ್ಟು, ಎಡಕ್ಕೆ ನೋಡಿ ಬಲಕ್ಕೆ ನೋಡಿ, ಕೃಪಾನಿಧಿಯ ಕೈಯಲ್ಲಿದ್ದ ಮೈಕಿಗೆ ಬಗ್ಗಿ, "ಇದು ನಂದು" ಅಂದ. ಯಾರಿಗೂ ಅರ್ಥವಾಗಲಿಲ್ಲ. "ಇದು ನಂದು ಅಂಕಲ್. ಟೈಲ್ಸ್ ಬೇಕು ಅಂತ ಎಲ್ಲಾ ನನ್ ತಲೆ ತಿಂತಾರೆ, ನಾನು ಸೆಕ್ರೆಟರಿ, ಏನ್ ಮಾಡ್ಲಿ? ಆದ್ರೆ ಟೈಲ್ಸ್ ಹಾಕಿದ್ರೆ ನಾನು ಎಲ್ಲಿ ಹೋಗ್ಲಿ? ಮನೇಲಿ ಎಣ್ಣೆದು ಒಂದ್ ತುಂಡ್ ಬಾಯಿಗಿಡೋಕ್ ಬಿಡಲ್ಲ. ದಿನಾ ಸಂಜೆ ಆ ಪಪ್ಪಾಯಿ ಹಿಂದೆ ಕೂತು ಎರಡ್ ಬೋಂಡಾ ತಿನ್ನೋ ಹೊತ್ತಲ್ಲಿ ಮಾತ್ರ ನಂಗೆ ಜೀವ ತಣ್ಣಗಾಗೋದು." ಹೆಂಗಸರ ಸಾಲಿನಲ್ಲಿ ವಸಂತನ ಹೆಂಡತಿ ನಿಧಾನವಾಗಿ ಎದ್ದು ನಿಂತಳು. "ಆಮೇಲೆ ಮಾತಾಡೋಣ ಕಣೇ" ಅಂದ ಅವನು, ಅದೂ ಮೈಕಿನಲ್ಲಿ.

ಪವಾಡ ಬಿದ್ದುಹೋಯಿತು. ಬಿದ್ದರೆ ಅಳು ಬರಬೇಕು, ಕೃಪಾನಿಧಿಗೆ ಹೊಟ್ಟೆಯೊಳಗಿಂದ ಆ ಗುಡ್ಡೆಯ ಬಿಸಿ ಏರಿ ಬಂತು. ಮುಖ್ಯವಾದ ಕೆಲಸಕ್ಕೆ ಒಂದನ್ನೇ ನಂಬಬೇಡಿ, ಒಂದು ಕೈಕೊಟ್ಟರೆ ಇನ್ನೊಂದು ಇರಲಿ, ಒಂದೇ ಕೆಲಸ ಮೂರು ಕಡೆಯಿಂದ ಆಗಲಿ ಅಂತ ಕೇದಾರ್ ಹೇಳಿದ್ದ. ಆಗ ಅವನು ಬಾವಿ, ಮಳೆನೀರು, ನಲ್ಲಿಯ ಮಾತಾಡಿದ್ದ. ಈ ಮೂವರು ಕಳ್ಳರು ಒಬ್ಬರಿಗೊಬ್ಬರು ತಿಳಿಯದೆ ಒಂದೇ ತೋಟಕ್ಕೆ ಮೂರು ಕುಂಬಳಕಾಯಿ ಹೊತ್ತು ತಂದದ್ದು ಅವನ ಯಾವ ಪಾಠದಲ್ಲೂ ಇರಲಿಲ್ಲ. ತಾನೊಬ್ಬನೇ ಕಾಯುತ್ತಿದ್ದೇನೆ ಅಂದುಕೊಂಡಿದ್ದನಲ್ಲ ಇಷ್ಟು ದಿನ! ನಕ್ಕ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಆಗ ಅಯ್ಯನವರು ಗಂಟಲು ಸರಿಮಾಡಿಕೊಂಡು ಮೆಲ್ಲಗೆ, "ಹಾಗಾದ್ರೆ ತೋಟದ್ದು ಅಂತ ಏನೂ ಬರಲಿಲ್ಲ" ಅಂದರು. ನಗು ನಿಂತಿತು. ಗೇಟಿನ ಪಕ್ಕದ ಟೈಲ್ಸ್ ಎಲ್ಲರಿಗೂ ಕಾಣುತ್ತಿತ್ತು.

"ಇಲ್ಲ ಅಯ್ಯನವ್ರೇ" ಅಂದ ಕೃಪಾನಿಧಿ, ಮೈಕ್ ಇನ್ನೂ ಕೈಯಲ್ಲೇ ಇತ್ತು. "ತೋಟಕ್ಕೆ ನಡುವೇ ಇಲ್ಲ. ಅಂಚೆಲ್ಲ ಬೀದಿಯವ್ರಿಗೆ ಅಂತ ಮಾತು ಕೊಟ್ಟೆ, ಆಮೇಲೆ ನೋಡಿದ್ರೆ ನಾನು ಮಾಡಿರೋದೆಲ್ಲ ಅಂಚೇ. ಬೆಳೀತು, ಚೆನ್ನಾಗೇ ಬೆಳೀತು, ಎಲ್ಲಾ ಕಂಬಿ ಆಚೆ ಹೋಯ್ತು. ನಿಮಗೆ ತೋರ್ಸೋಕೆ ನನ್ ಹತ್ರ ಏನೂ ಇಲ್ಲ."

"ಏನೂ ಇಲ್ಲ ಅಂತ ಯಾರ್ರೀ ಅಂದಿದ್ದು?" ಅಂತ ಗೇಟಿನಿಂದ ಹೆಡ್‌ಮೇಡಂ ದನಿ ಬಂತು. ಗಂಗರತ್ನಮ್ಮನವರು ಮುಚ್ಚಿದ ದೊಡ್ಡ ಸ್ಟೀಲ್ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು, ಟೈಲ್ಸ್ ದಾಟಿ, ಶಾಮಿಯಾನದ ನಡುವೆ ನೆಟ್ಟಗೆ ನಡೆದು ಬಂದರು. "ಮೈಕಲ್ಲಿ ಎಲ್ಲಾ ಕೇಳಿಸ್ತು. ಬೀದಿಯೆಲ್ಲ ಬಾಗಿಲಿಗೆ ಬಂದು ನಿಂತಿದೆ. ನಿಮ್ ಹಬ್ಬ ಅಂತ ಬೆಳಗ್ಗೆನೇ ಬಸ್ಸಾರು ಮಾಡಿದ್ದೆ. ಹರಿವೆ ನಿಮ್ದು, ನುಗ್ಗೆ ಸೊಪ್ಪು ನಿಮ್ದು, ಕುಂಬಳದ ಕುಡಿ ನಿಮ್ದು. ಬೇಳೆ ಒಂದು ನಂದು. ಎಲ್ಲಿಡ್ಲಿ?"

ಅಯ್ಯನವರು ಮುಂದೆ ಬಂದು, ಎರಡೂ ಕೈಯಲ್ಲಿ ಪಾತ್ರೆ ಇಸಿದುಕೊಂಡು, ಬಾಳೆಗೊನೆಯನ್ನು ಸರಿಸಿ ಮೇಜಿನ ನಡುವೆ ಇಟ್ಟು ಮುಚ್ಚಳ ತೆಗೆದರು. ಹಬೆ ಎದ್ದಿತು. ಬೆಳ್ಳುಳ್ಳಿ ಒಗ್ಗರಣೆಯ ಘಮ ಹಿಂದಿನ ಸಾಲಿನವರೆಗೆ ಹೋಯಿತು. ಆ ಹಬೆಯಲ್ಲಿ ಅವರ ಕನ್ನಡಕ ಮಂಜಾಗಿ, ಅವರು ಅದನ್ನು ಒರೆಸಿಕೊಳ್ಳದೆ ಹಾಗೇ ನಿಂತರು, ಗಡಿಯಾರವನ್ನೂ ನೋಡಲಿಲ್ಲ. ವಸಂತ್ ಅಭ್ಯಾಸಬಲದಿಂದ, "ತೋಟದ ಬಸ್ಸಾರು, ಕೇಳಿ" ಅಂತ ಶುರುಮಾಡಿದ. "ಇದು ಹರಾಜಿಗಲ್ಲ" ಅಂದರು ಅಯ್ಯನವರು. "ಎಲ್ರಿಗೂ." ಗಂಗರತ್ನಮ್ಮನವರು ಸೌಟು ಹಿಡಿದು, ಸಾಲು ತಪ್ಪಿದವರನ್ನು ಗದರಿಸಿ ಸಾಲಿಗೆ ನಿಲ್ಲಿಸಿ, ಒಬ್ಬೊಬ್ಬರ ಅಂಗೈಗೂ ಒಂದಿಷ್ಟು ಹಾಕಿದರು. ಹಲ್ಲಿಲ್ಲದ ಅಜ್ಜಿ ಎರಡು ಸಲ ಬಂದಳು. ಕಾರಿನವರೂ ನೆಕ್ಕಿದರು. ವಸಂತ್ ಅಂಗೈ ನೆಕ್ಕುತ್ತ, ಹೆಂಡತಿಯ ಕಡೆ ನೋಡದೆ, "ಟೈಲ್ಸ್‌ನವ್ನು ವಾಪಸ್ ತಗೋತಾನೆ ಅಯ್ಯನವ್ರೇ, ನಾಳೆ ಲಾರಿ ಕಳಿಸು ಅಂತೀನಿ" ಅಂದ. ಬೇಡವೆಂದು ಯಾರೂ ಅನ್ನಲಿಲ್ಲ, ಬಾಯಿ ತುಂಬ ಸಾರಿತ್ತು.

ಮಧ್ಯಾಹ್ನ ದಯಾಮಣಿ ಪಾತ್ರೆ ಬೆಳಗಿ ಗಂಡನ ಕೈಗಿಟ್ಟಳು. "ಖಾಲಿ ಕೊಡ್ಬೇಡಿ, ಏನಾದ್ರೂ ಹಾಕಿ" ಅಂದಳು. ಖಾಲಿ ಪಾತ್ರೆ ವಾಪಸ್ ಕೊಡುವ ಮನೆತನವಲ್ಲ ಅವರದು, ಆದರೆ ಏನು ಹಾಕುವುದು? ಹರಾಜಾಗದೆ ಉಳಿದ ತನ್ನ ಕುಂಬಳಕಾಯಿಯನ್ನೇ ಕೃಪಾನಿಧಿ ಕತ್ತರಿಸಿ, ಒಂದು ದೊಡ್ಡ ಹೋಳು ಹಾಕಿ, ಬೀದಿ ದಾಟಿದ. ಎರಡು ಕಡೆಯ ಬಾಗಿಲುಗಳಿಂದ ಜನ ಅವನನ್ನು ನೋಡಿ ನಕ್ಕರು. ಇಡೀ ಚಾಮರಾಜಪೇಟೆಗೆ ಗೊತ್ತಾದ ಮೇಲೆ ಇನ್ನು ಮುಚ್ಚಿಡುವುದಕ್ಕೇನಿದೆ ಅಂತ ಅವನೂ ನಕ್ಕ.

"ತೋಟದ್ದಾ ಕೃಪಾನಿಧಿಯವ್ರೇ?" ಅಂದರು ಗಂಗರತ್ನಮ್ಮನವರು, ಎಲ್ಲ ಕೇಳಿಸಿಕೊಂಡವರು.

"ಅಲ್ಲ ಮೇಡಂ. ಗಾಂಧಿ ಬಜಾರಿಂದು."

ಅವರು ಬಾಗಿಲಲ್ಲೇ ನಿಂತು ಹೋಳಿನ ತಿರುಳಿನಿಂದ ಬೀಜಗಳನ್ನು ಬೆರಳಲ್ಲಿ ಬಳಿದು ತೆಗೆದು, ಅವನ ಅಂಗೈಗೆ ಹಾಕಿ ಬೆರಳು ಮಡಿಸಿದರು. "ಚೆನ್ನಾಗ್ ಬಲಿತಿದೆ. ಒಣಗ್ಸಿ, ನನ್ ಕಡೆ ಕಂಬಿ ಹತ್ರನೇ ಹಾಕಿ. ಮುಂದಿನ್ ವರ್ಷ ಹೂವಿನ್ ತಂಟೆಗೆ ಬರಲ್ಲ, ಆಣೆ. ಕಾಯಾಗ್ಲಿ."

ಕೇಳಬೇಕೆಂದು ಹೋಗಿ ಕೇಳಲಾಗದೆ ಉಪ್ಪಿನಕಾಯಿ ಹಿಡಿದು ಬಂದದ್ದು ಈಗ ತಾನಾಗಿ ಕೈಗೆ ಬಂದಿತ್ತು. ಬೀಜಗಳು ಅಂಗೈಗೆ ತಣ್ಣಗೆ ಅಂಟಿಕೊಂಡಿದ್ದವು. ಆದರೂ ಕೊಟ್ಟ ಮಾತು ಕೊಟ್ಟ ಮಾತೇ.

"ಹಾಗೆಲ್ಲ ಬಿಡ್ಬೇಡಿ ಮೇಡಂ, ಅಂಚು ನಿಮ್ದೇ" ಅಂದ. "ಉದ್ದ ತೊಟ್ಟಿಂದು ಗಂಡು ಹೂವು, ಅದು ಹೇಗಿದ್ರೂ ಕಾಯಾಗಲ್ಲ. ನಾಕು ಬಿಟ್ಟು ಉಳಿದಿದ್ದೆಲ್ಲ ಕಿತ್ಕೊಳ್ಳಿ. ಬುಡದಲ್ಲಿ ಗುಂಡಗಿರೋದು ಹೆಣ್ಣು, ಅದೊಂದು ಬಿಟ್ಬಿಡಿ ಸಾಕು."

ಗಂಗರತ್ನಮ್ಮನವರು ಸೊಂಟದ ಮೇಲೆ ಕೈಯಿಟ್ಟು, ಪಾಠ ಒಪ್ಪಿಸಲು ತಡಮಾಡಿದ ಹುಡುಗನನ್ನು ನೋಡುವ ಹಾಗೆ ಅವನನ್ನು ನೋಡಿದರು.

"ಅಲ್ರೀ, ಇದನ್ನ ಅವತ್ತು ಕಾಫಿ ಕುಡಿಯೋವಾಗ್ಲೇ ಹೇಳ್ಬಾರ್ದಿತ್ತಾ?"